ಹಳೆ ಬುಡಕ್ಕೆ ಹೊಸ ಕಸಿ

ಜನವರಿಯಲ್ಲಿ ಮೂಡಿಗೆರೆಯ ನಮ್ಮ ಕಣದಲ್ಲಿ ಕಾಫಿ ಹರಡುತ್ತಿದ್ದೆವು. ನೆತ್ತಿಯ ಮೇಲೆ ಬಿಳಿ ಗೆರೆ ಎಳೆಯುತ್ತಾ ಒಂದು ವಿಮಾನ ಹೋಯಿತು. ಮಗಳು ಕೇಳಿದಳು: "ಅಪ್ಪ, ಫೋನ್ ವರ್ಷಕ್ಕೊಂದು ಹೊಸದು ಬರುತ್ತೆ. ವಿಮಾನ ಮಾತ್ರ ಯಾಕೆ ಹಾಗೇ ಇದೆ?"

ಅವಳು ಹೇಳಿದ್ದು ನಿಜ. 1958ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 707 ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತಿತ್ತು. ಇವತ್ತಿನ ವಿಮಾನಗಳದ್ದೂ ಹೆಚ್ಚುಕಮ್ಮಿ ಅಷ್ಟೇ ವೇಗ. ಶಬ್ದದ ವೇಗ ಹತ್ತಿರವಾದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ, ಇಂಧನ ಸುರಿಯಬೇಕಾಗುತ್ತದೆ. ಆ ವೇಗವನ್ನು ದಾಟಿ ಹಾರಿದ ಕಾಂಕಾರ್ಡ್ 2003ರಲ್ಲಿ ನಿಂತೇ ಹೋಯಿತು.

ಹೊಸದನ್ನು ನಂಬಲು ವರ್ಷಗಳು ಬೇಕು. ಇದು ಕಾಫಿ ಬೆಳೆಯುವವರಿಗೆ ಚೆನ್ನಾಗಿ ಗೊತ್ತು. ಎಲೆ ತುಕ್ಕು ರೋಗವನ್ನು ತಡೆಯುತ್ತದೆ ಎಂದು ಹಿಂದಿನವರು ಕೆಂಟ್ಸ್ ತಳಿ ನೆಟ್ಟರು. ಕೆಲವು ವರ್ಷ ತಡೆಯಿತು, ಆಮೇಲೆ ಅದೇ ರೋಗಕ್ಕೆ ತುತ್ತಾಯಿತು. ಕಾಮೆಟ್ ಎಂಬ ಮೊದಲ ಜೆಟ್ ಪ್ರಯಾಣಿಕ ವಿಮಾನದ ಕಥೆಯೂ ಹಾಗೆಯೇ. 1952ರಲ್ಲಿ ಬಂತು, ಎಲ್ಲರೂ ಮೆಚ್ಚಿದರು. 1954ರಲ್ಲಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದುಹೋದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಒಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಸಾವಿರಕ್ಕೂ ಹೆಚ್ಚು ಸಲ ಏರಿಸಿ ಇಳಿಸಿದರು. ಲೋಹ ದಣಿದು, ಒಡಲಲ್ಲಿ ಕೊರೆದ ತೆರಪಿನ ಮೂಲೆಯಿಂದ ಸೀಳಿತು. ಇಂಥ ಪರೀಕ್ಷೆಗಳನ್ನು ಅವಸರಿಸಲು ಆಗಲ್ಲ. ಈ ನಿಧಾನ ನನಗೆ ಪೂರ್ತಿ ಒಪ್ಪಿಗೆ.

ಇನ್ನೊಂದು ನಿಧಾನ ಇದೆ, ಅದು ಒಪ್ಪಿಗೆ ಇಲ್ಲ.

ಹಳೆ ಜೆಟ್ ಎಂಜಿನ್ ಸ್ವಲ್ಪ ಗಾಳಿಯನ್ನು ರಭಸದಿಂದ ಹಿಂದಕ್ಕೆ ಉಗುಳುತ್ತಿತ್ತು. ಈಗಿನದು ದೊಡ್ಡ ಫ್ಯಾನ್‌ನಿಂದ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಇದರಿಂದ ಇಂಧನ ಬಹಳ ಉಳಿಯುತ್ತದೆ. ಆದರೆ ಎಂಜಿನ್ ದಪ್ಪವಾಗುತ್ತದೆ. 1967ರಲ್ಲಿ ಮೊದಲು ಹಾರಿದ ಬೋಯಿಂಗ್ 737 ನೆಲಕ್ಕೆ ತೀರಾ ಹತ್ತಿರ. ಸಣ್ಣ ನಿಲ್ದಾಣಗಳಲ್ಲಿ ಕೈಯಲ್ಲೇ ಸಾಮಾನು ಏರಿಸಲಿ ಎಂದು ಹಾಗೆ ಮಾಡಿದ್ದರು. ಆಗಿನ ಫ್ಯಾನ್ ಅಗಲ ಸುಮಾರು 1 ಮೀಟರ್. ಅದೇ 737ರ ಈಚಿನ ಮ್ಯಾಕ್ಸ್ ಮಾದರಿಯದ್ದು ಸುಮಾರು 1.75 ಮೀಟರ್. ರೆಕ್ಕೆಯ ಕೆಳಗೆ ಜಾಗ ಎಲ್ಲಿದೆ?

ಹೊಸ ವಿಮಾನ ಮಾಡಿದರೆ ಖರ್ಚು ಜಾಸ್ತಿ, ಪೈಲಟ್‌ಗಳಿಗೆ ಮತ್ತೆ ತರಬೇತಿ ಕೊಡಬೇಕು. ಹಾಗಾಗಿ, ಹಳೆ ರೋಬಸ್ಟಾ ಬುಡಕ್ಕೆ ನಾವು ಹೊಸ ತಳಿ ಕಸಿ ಕಟ್ಟುವಂತೆ, ಎಂಜಿನನ್ನು ಮುಂದಕ್ಕೂ ಮೇಲಕ್ಕೂ ಸರಿಸಿ ಕೂರಿಸಿದರು. ಇದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ಮೇಲೇಳುವ ಸ್ವಭಾವ ಬಂತು. ಅದನ್ನು ತಗ್ಗಿಸಲು ಒಂದು ಸಾಫ್ಟ್‌ವೇರ್ ಸೇರಿಸಿದರು. ಅದು ನಂಬಿದ್ದು ಒಂದೇ ಸೆನ್ಸರನ್ನು. ಆ ಸೆನ್ಸರ್ ತಪ್ಪು ಹೇಳಿದಾಗ ಸಾಫ್ಟ್‌ವೇರ್ ಮತ್ತೆ ಮತ್ತೆ ಮೂತಿಯನ್ನು ಕೆಳಗೆ ತಳ್ಳಿತು. 2018ರಲ್ಲಿ ಇಂಡೋನೇಷ್ಯಾದಲ್ಲಿ, 2019ರಲ್ಲಿ ಇಥಿಯೋಪಿಯಾದಲ್ಲಿ ಮ್ಯಾಕ್ಸ್ ವಿಮಾನಗಳು ಬಿದ್ದು ಒಟ್ಟು 346 ಜನ ಸತ್ತರು. ಹೊಸ ಗಿಡವನ್ನೇ ನೆಡಬೇಕಿತ್ತು ಅಲ್ವಾ?

ಹಾರಾಟ ನಿಲ್ಲಿಸಿದ್ದ ಮ್ಯಾಕ್ಸ್‌ಗೆ 2020ರ ನವೆಂಬರಿನಲ್ಲಿ ಅಮೆರಿಕ ಮತ್ತೆ ಅನುಮತಿ ಕೊಟ್ಟಿತು. ಸಾಫ್ಟ್‌ವೇರ್ ಈಗ ಎರಡು ಸೆನ್ಸರ್‌ಗಳನ್ನು ಹೋಲಿಸಿ ನೋಡುತ್ತದೆ, ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿಯೂ ಇದೆ. ಎಂಜಿನ್ ಮಾತ್ರ ಸರಿಸಿದ ಜಾಗದಲ್ಲೇ ಇದೆ.