ಆಟದ ಶೈಲಿಯೋ, ಮೈಬೆಳವಣಿಗೆಯೋ? ಅಕಾಡೆಮಿ ಫುಟ್‌ಬಾಲ್ ಅಧ್ಯಯನ ಟಿಪ್ಪಣಿ

13–14ರ ಹುಡುಗರ ಪಂದ್ಯ ನೋಡಿ 'ಇದು ಲಾಂಗ್ ಬಾಲ್ ತಂಡ, ಅದು ಪಾಸಿಂಗ್ ತಂಡ' ಎಂದು ಬರೆದುಕೊಳ್ಳುವುದು ಸುಲಭ. ಆದರೆ ಈ ವಯಸ್ಸಿನಲ್ಲಿ ಶೈಲಿಯೆಂದು ಕಾಣುವುದರಲ್ಲಿ ದೊಡ್ಡ ಪಾಲು ಯಾರ ಮೈ ಮೊದಲು ಬೆಳೆದಿದೆ ಎನ್ನುವುದಕ್ಕೆ ಸೇರಿದ್ದು. ಡಿಫೆಂಡರ್‌ಗಳ ಬೆನ್ನ ಹಿಂದಕ್ಕೆ ಚೆಂಡು ಒದ್ದರೆ ಬೇಗ ಬೆಳೆದ ಸ್ಟ್ರೈಕರ್ ಓಡಿ ಹಿಡಿದುಬಿಡುತ್ತಾನೆ. ಗೋಲು ಬರುತ್ತದೆ, ಕೋಚ್ ಅದನ್ನೇ ಮತ್ತೆ ಮತ್ತೆ ಆಡಿಸುತ್ತಾರೆ. ಎದುರಿನವರೂ ಅಷ್ಟೇ ಬೆಳೆದ ದಿನ ಆ ದಾರಿ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಆ ಹುಡುಗ ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ತಿರುಗಿ ನೋಡುವುದನ್ನಾಗಲಿ, ಅರ್ಧ ತಿರುಗಿ ನಿಂತು ಫಸ್ಟ್ ಟಚ್ (ಬಂದ ಚೆಂಡಿನ ಮೊದಲ ಸ್ಪರ್ಶ) ತೆಗೆದುಕೊಳ್ಳುವುದನ್ನಾಗಲಿ ಕಲಿತೇ ಇರುವುದಿಲ್ಲ. ಹಾಗಾಗಿ ಶೈಲಿಯ ಮಾತಿಗೆ ಮುಂಚೆ ಮೈಬೆಳವಣಿಗೆಯ ಲೆಕ್ಕ ಆಗಬೇಕು.

ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲ

ಹುಟ್ಟಿದ ತಿಂಗಳ ಲಾಭವೇ ಬೇರೆ, ಬೇಗ ಬೆಳೆಯುವ ಲಾಭವೇ ಬೇರೆ. ಇಂಗ್ಲೆಂಡಿನಲ್ಲಿ ವಯೋಗುಂಪಿನ ಗಡಿ ಸೆಪ್ಟೆಂಬರ್ 1, ಅಂತಾರಾಷ್ಟ್ರೀಯ ಯುವ ಟೂರ್ನಿಗಳಲ್ಲಿ ಜನವರಿ 1. ಗಡಿ ದಾಟಿದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು, ಅಂದರೆ ಗುಂಪಿನ ಹಿರಿಯರು, ಅಕಾಡೆಮಿಗಳಲ್ಲಿ ಹೆಚ್ಚಾಗಿ ಕಾಣುತ್ತಾರೆ, 9ರ ಗುಂಪಿನಲ್ಲೇ ಇದು ಶುರುವಾಗಿರುತ್ತದೆ. ಬೇಗ ಬೆಳೆದವರ ಲಾಭ ಎದ್ದು ಕಾಣುವುದು ಸುಮಾರು 11–12ರಿಂದ. ಒಂದರಿಂದ ಇನ್ನೊಂದನ್ನು ಊಹಿಸಬಾರದು: ಗುಂಪಿನ ಹಿರಿಯ ಹುಡುಗನೇ ತಡವಾಗಿ ಬೆಳೆಯುವವನಿರಬಹುದು.

ಲೆಕ್ಕ: ಎಲ್ಲರೂ ಎಡವುವ ಹೆಜ್ಜೆ

ಎತ್ತರ ಅತಿ ವೇಗವಾಗಿ ಏರುವ ಹಂತಕ್ಕೆ ಪೀಕ್ ಹೈಟ್ ವೆಲಾಸಿಟಿ, ಚುಟುಕಾಗಿ ಪಿಎಚ್‌ವಿ ಎನ್ನುತ್ತಾರೆ. ಹುಡುಗರಲ್ಲಿ ಸರಾಸರಿ 14ರ ಸುಮಾರಿಗೆ, ಹುಡುಗಿಯರಲ್ಲಿ 12ರ ಸುಮಾರಿಗೆ ಬರುತ್ತದೆ. ಅದಕ್ಕೆ ಇನ್ನೆಷ್ಟು ಕಾಲ ಇದೆ (ಅಥವಾ ದಾಟಿ ಎಷ್ಟಾಯಿತು) ಎಂದು ತಿಳಿಯಲು 2002ರ ಮಿರ್ವಾಲ್ಡ್ ಸೂತ್ರ ಬಳಸುತ್ತಾರೆ. ಹುಡುಗರಿಗೆ:

−9.236 + 0.0002708 × (ಕಾಲುದ್ದ × ಕೂತ ಎತ್ತರ) − 0.001663 × (ವಯಸ್ಸು × ಕಾಲುದ್ದ) + 0.007216 × (ವಯಸ್ಸು × ಕೂತ ಎತ್ತರ) + 0.02292 × (ತೂಕ ÷ ಎತ್ತರ × 100)

ಹುಡುಗಿಯರ ಸೂತ್ರ ಬೇರೆ, ಇದನ್ನು ಅವರಿಗೆ ಹಾಕಬಾರದು. ಅಳತೆ ಸೆಂ.ಮೀ.ನಲ್ಲಿ, ತೂಕ ಕೆ.ಜಿ.ಯಲ್ಲಿ, ವಯಸ್ಸು ದಶಮಾಂಶದಲ್ಲಿ ಇರಬೇಕು. 13 ವರ್ಷ 10 ತಿಂಗಳು ಎಂದರೆ 13.83, 13.10 ಅಲ್ಲ. ತಿಂಗಳನ್ನು 12ರಿಂದ ಭಾಗಿಸಿಯೇ ಸೇರಿಸಬೇಕು.

ಒಬ್ಬ ಹುಡುಗನನ್ನು ತೆಗೆದುಕೊಳ್ಳೋಣ: ವಯಸ್ಸು 13.5, ನಿಂತ ಎತ್ತರ 154, ಕೂತ ಎತ್ತರ 79, ತೂಕ 43. ಕಾಲುದ್ದವನ್ನು ಟೇಪ್ ಹಿಡಿದು ಅಳೆಯುವುದಿಲ್ಲ, 154ರಲ್ಲಿ 79 ಕಳೆದರೆ 75. ಈಗ ಒಂದೊಂದೇ ತುಂಡು:

75 × 79 = 5925, ಅದರಿಂದ +1.604
13.5 × 75 = 1012.5, ಅದರಿಂದ −1.684
13.5 × 79 = 1066.5, ಅದರಿಂದ +7.696
43 ÷ 154 × 100 = 27.92, ಅದರಿಂದ +0.640

ಕೂಡಿ 9.236 ಕಳೆದರೆ −0.98. ಮೈನಸ್ ಎಂದರೆ ಪಿಎಚ್‌ವಿ ಇನ್ನೂ ಮುಂದಿದೆ, ಸುಮಾರು ಒಂದು ವರ್ಷ ದೂರ. ಪಿಎಚ್‌ವಿ ವಯಸ್ಸು ಬೇಕಿದ್ದರೆ ಈ −0.98ನ್ನು ವಯಸ್ಸಿನಿಂದ ಕಳೆಯಬೇಕು, ಕೂಡಬಾರದು: 13.5 − (−0.98) = 14.48.

ಕೊನೆಯ ತುಂಡಿನ '× 100' ಬಿಟ್ಟರೆ 0.640 ಇರಬೇಕಾದಲ್ಲಿ 0.006 ಬಂದು, ಉತ್ತರ −1.61 ಆಗುತ್ತದೆ. ಏಳೂವರೆ ತಿಂಗಳ ತಪ್ಪು. ಆದರೂ ಆ ಸಂಖ್ಯೆ ಅಸಂಬದ್ಧವಾಗಿ ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಇನ್ನೊಂದು, ಕೂತ ಎತ್ತರ. ಇದೊಂದು ತಪ್ಪಿದರೆ ಕಾಲುದ್ದವೂ ತಪ್ಪುತ್ತದೆ, ಏಕೆಂದರೆ ಎರಡೂ ಒಂದೇ ಅಳತೆಯಿಂದ ಹುಟ್ಟುತ್ತವೆ. ಅದೇ ಹುಡುಗನ ಕೂತ ಎತ್ತರವನ್ನು 79ರ ಬದಲು 82 ಎಂದು ಬರೆದರೆ ಕಾಲುದ್ದ 72ಕ್ಕೆ ಇಳಿದು, ಉತ್ತರ −0.63ಕ್ಕೆ ಬರುತ್ತದೆ. ಮೂರು ಸೆಂ.ಮೀ.ಗೆ ನಾಲ್ಕು ತಿಂಗಳು! ಗಟ್ಟಿ ಸ್ಟೂಲ್ ಮೇಲೆ, ಸೊಂಟ ಹಿಂದಿನ ಗೋಡೆಗೆ ತಾಗುವಂತೆ ಕೂರಿಸಿ. ನೆಲದಿಂದ ಅಳೆದಿದ್ದರೆ ಸ್ಟೂಲಿನ ಎತ್ತರ ಕಳೆಯಿರಿ. ಎರಡು ಸಲ ಅಳೆದು, ಅಂತರ ಅರ್ಧ ಸೆಂ.ಮೀ. ಮೀರಿದರೆ ಮೂರನೆಯ ಸಲ ಅಳೆಯಿರಿ.

ಸೂತ್ರಕ್ಕೂ ಮಿತಿ ಇದೆ. ಸುಮಾರು ಒಂದು ವರ್ಷ ಆಚೀಚೆ ತಪ್ಪಬಹುದು. ಬೇಗ ಬೆಳೆಯುವವರನ್ನೂ ತಡವಾಗಿ ಬೆಳೆಯುವವರನ್ನೂ ಸರಾಸರಿಯ ಕಡೆಗೇ ಎಳೆಯುತ್ತದೆ. ಒಬ್ಬ ಹುಡುಗನನ್ನು ಕೈಬಿಡಲು ಈ ಒಂದು ಸಂಖ್ಯೆ ಕಾರಣವಾಗಲೇಬಾರದು.

ಶೇಕಡಾ ಲೆಕ್ಕ, ಬಯೋ-ಬ್ಯಾಂಡಿಂಗ್

ಹುಡುಗನ ವಯಸ್ಸು, ಎತ್ತರ, ತೂಕ ಮತ್ತು ತಂದೆ ತಾಯಿಯ ಎತ್ತರದಿಂದ (ಖಾಮಿಸ್–ರೋಷ್ ವಿಧಾನ) ವಯಸ್ಕನಾದಾಗಿನ ಎತ್ತರ ಅಂದಾಜು ಮಾಡಿ, ಈಗ ಅದರ ಶೇಕಡಾ ಎಷ್ಟು ತಲುಪಿದ್ದಾನೆ ಎಂದು ನೋಡುತ್ತಾರೆ. ಮೇಲಿನ ಹುಡುಗನ ಅಂದಾಜು 178 ಎಂದಿಟ್ಟುಕೊಳ್ಳಿ: 154 ÷ 178 = ಶೇ. 86.5. ಅದೇ ತಂಡದ 168ರ ಹುಡುಗನದು 180 ಇದ್ದರೆ ಶೇ. 93.3. ಇಂದು 14 ಸೆಂ.ಮೀ. ಅಂತರ, ಕೊನೆಗೆ ಉಳಿಯುವುದು 2.

ವಯಸ್ಸಿನ ಬದಲು ಈ ಶೇಕಡಾ ನೋಡಿ ಗುಂಪು ಮಾಡುವುದೇ ಬಯೋ-ಬ್ಯಾಂಡಿಂಗ್. ಇಂಗ್ಲೆಂಡಿನ ಅಕಾಡೆಮಿಗಳು ಶೇ. 85–90ರ ಹುಡುಗರನ್ನೇ ಸೇರಿಸಿ ಟೂರ್ನಿ ಆಡಿಸಿವೆ. ಬೇಗ ಬೆಳೆದವರಿಗೆ ಓಟ ಮತ್ತು ತೂಕದ ಆಸರೆ ತಪ್ಪಿ ಬೇಗ ಪಾಸ್ ಮಾಡಬೇಕಾಯಿತು, ತಡವಾಗಿ ಬೆಳೆಯುವವರಿಗೆ ಮುಂದಾಳತ್ವ ತೋರಿಸಲು ಜಾಗ ಸಿಕ್ಕಿತು. ಶೈಲಿ ಬರೆದುಕೊಳ್ಳಲು ಇಂಥ ಪಂದ್ಯವೇ ಸರಿಯಾದದ್ದು. ಆದರೆ ಇದು ವಯೋಗುಂಪಿನ ಪಂದ್ಯಕ್ಕೆ ಬದಲಿಯಲ್ಲ, ನಡುನಡುವೆ ಸೇರಿಸಬೇಕಾದ್ದು. ತಡವಾಗಿ ಬೆಳೆಯುವವನು ತನಗಿಂತ ಬಲಿಷ್ಠರ ಎದುರು ಕಲಿಯುವುದೂ ಇದೆ.

ಮೈ ತಾಗಿಸುವುದು

ಹೆಗಲಿಗೆ ಹೆಗಲು ಕೊಡುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ಚೆಂಡು ಆಡಬಹುದಾದ ದೂರದಲ್ಲಿರಬೇಕು, ಕೈ ಅಥವಾ ಮೊಣಕೈ ಬಳಸಬಾರದು, ಬಲ ಅತಿಯಾಗಬಾರದು. ಶೀಲ್ಡಿಂಗ್‌ನಲ್ಲಿ (ಮೈ ಅಡ್ಡವಿಟ್ಟು ಎದುರಾಳಿಯಿಂದ ಚೆಂಡು ಕಾಯುವುದು) ಬೆನ್ನು ಪೂರ್ತಿ ಕೊಟ್ಟು ನಿಲ್ಲುವುದು ಸಾಮಾನ್ಯ ತಪ್ಪು. ಅಡ್ಡ ನಿಂತು, ಮಂಡಿ ಬಗ್ಗಿಸಿ, ಎದುರಾಳಿಯಿಂದ ದೂರದ ಕಾಲಿನಲ್ಲಿ ಚೆಂಡು ಇಟ್ಟುಕೊಳ್ಳಬೇಕು. ತೂಕ ಕಡಿಮೆ ಇದ್ದವನು ಚೆಂಡು ತಲುಪುವ ಕ್ಷಣದ ಮೊದಲೇ ಮೈ ತಾಗಿಸಿ ಜಾಗ ಹಿಡಿಯಬೇಕು. ಚೆಂಡು ಬಂದ ಮೇಲೆ ತಾಗಿದರೆ ತೂಕ ಹೆಚ್ಚಿದ್ದವನದೇ ಗೆಲುವು.

ಅಂಗಳದ ಅಳತೆ ಮತ್ತು ಹೊರೆ

ತಲೆಗೆ ಎಷ್ಟು ಜಾಗ ಎಂದು ಭಾಗಿಸಿ ನೋಡುವುದು ಒಳ್ಳೆಯ ಅಡ್ಡದಾರಿ. 105 × 68 ಅಂಗಳದಲ್ಲಿ 22 ಜನ: ತಲಾ 325 ಚ.ಮೀ. 30 × 20ರಲ್ಲಿ 4 ವಿರುದ್ಧ 4: ತಲಾ 75. ಜಾಗ ಕುಗ್ಗಿದಷ್ಟೂ ತಾಗಾಟ, ಬ್ರೇಕ್ ಹಾಕಿದಂತೆ ನಿಲ್ಲುವುದು, ತಿರುಗುವುದು ಹೆಚ್ಚು. ಹಿಗ್ಗಿದಷ್ಟೂ ಪೂರ್ಣ ವೇಗದ ಓಟ ಹೆಚ್ಚು. ಚಿಕ್ಕ ಅಂಗಳ ಎಂದರೆ ಹಗುರ ತರಬೇತಿ ಎಂದುಕೊಂಡರೆ ತಪ್ಪಾಗುತ್ತದೆ: ಮಂಡಿ ಕೆಳಗಿನ ಉಬ್ಬಿನ ನೋವು (ಆಸ್‌ಗುಡ್–ಶ್ಲಾಟರ್), ಹಿಮ್ಮಡಿ ನೋವು (ಸೀವರ್ಸ್) ಇರುವವನಿಗೆ ಈ ನಿಲ್ಲು–ತಿರುಗುಗಳೇ ಹೊರೆ.

ಎತ್ತರವನ್ನು ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆಯೇ ಅಳೆಯಿರಿ. ಸಂಜೆಯಾಗುವಷ್ಟರಲ್ಲಿ ಎತ್ತರ ಒಂದಷ್ಟು ಇಳಿದಿರುತ್ತದೆ, ಪ್ರತಿ ವಾರ ಅಳೆದರೆ ಅಳತೆಯ ತಪ್ಪೇ ಬೆಳವಣಿಗೆಯಂತೆ ಕಾಣುತ್ತದೆ. ಮೂರು ತಿಂಗಳಲ್ಲಿ 1.8 ಸೆಂ.ಮೀ. ಅಥವಾ ಹೆಚ್ಚು ಏರಿದವನಿಗೆ ಜಿಗಿತ ಮತ್ತು ಹಠಾತ್ ನಿಲ್ಲುವ ಡ್ರಿಲ್ ಕಡಿಮೆ ಮಾಡಿ, ಆ ಹೊತ್ತನ್ನು ಫಸ್ಟ್ ಟಚ್ ಮತ್ತು ಸಮತೋಲನದ ಅಭ್ಯಾಸಕ್ಕೆ ಕೊಡಿ. ಈ ತಿಂಗಳುಗಳಲ್ಲಿ ಅವನ ಪಾಸ್ ಎಡವಟ್ಟಾಗಿ, ಓಟ ಒಡ್ಡೊಡ್ಡಾಗಿ ಕಂಡರೆ ವರದಿಯಲ್ಲಿ ಅದನ್ನು 'ಶೈಲಿ' ಅಂಕಣಕ್ಕೆ ಬರೆಯದೆ 'ಬೆಳವಣಿಗೆ' ಅಂಕಣಕ್ಕೆ ದಿನಾಂಕ ಹಾಕಿ ಬರೆಯಿರಿ.