ಕ್ಯಾಂಟನೀಸ್: ಬಂದರಿನ ಹೆಸರು ಭಾಷೆಗೆ ಅಂಟಿದ ಬಗೆ

ಇಂಗ್ಲಿಷಿನಲ್ಲಿ ‘ಕ್ಯಾಂಟನೀಸ್’ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ಹಾಂಗ್‌ಕಾಂಗ್, ಮಕಾವ್ ಮತ್ತು ಗ್ವಾಂಗ್‌ಝೌ ನಗರಗಳ ಜನರಾಡುವ ಮಾತಿಗೂ ಅದೇ ಹೆಸರು. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಮತ್ತು ಗ್ವಾಂಗ್‌ಶಿ ಸೀಮೆಗಳಲ್ಲಿ ಹಬ್ಬಿರುವ, ಭಾಷಾಶಾಸ್ತ್ರಜ್ಞರು ‘ಯುಯೆ’ ಎಂದು ಕರೆಯುವ ಇಡೀ ಭಾಷಾವರ್ಗಕ್ಕೂ ಅದೇ ಹೆಸರು. ಅಲ್ಲಿನ ಜನರನ್ನೂ ಅಡುಗೆಯನ್ನೂ ಕರೆಯುವುದು ಅದೇ ಹೆಸರಿನಿಂದ. ಈ ಗೊಂದಲ ಇತ್ತೀಚಿನದಲ್ಲ, ಪದದ ಹುಟ್ಟಿನಲ್ಲಿಯೇ ಇದೆ.

16ನೆಯ ಶತಮಾನದಲ್ಲಿ ಪರ್ಲ್ ನದಿಯ ಮುಖಜಭೂಮಿಗೆ ಹಡಗುಗಳಲ್ಲಿ ಬಂದ ಪೋರ್ಚುಗೀಸರು ಅಲ್ಲಿನ ಮಹಾನಗರವಾದ ಗ್ವಾಂಗ್‌ಝೌವನ್ನು ‘ಕಾಂತಾಂವ್’ ಎಂದು ಕರೆದರು. ಇದು ಗ್ವಾಂಗ್‌ಡಾಂಗ್ ಎಂಬ ಪ್ರಾಂತ್ಯದ ಹೆಸರಿನಿಂದಲೇ ಬಂದದ್ದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಂದರೆ ಪ್ರಾಂತ್ಯದ ಹೆಸರು ಪರದೇಶಿಗರ ಬಾಯಲ್ಲಿ ಅದರ ರಾಜಧಾನಿಯ ಹೆಸರಾಯಿತು, ಇಂಗ್ಲಿಷಿಗೆ ಬಂದು ‘ಕ್ಯಾಂಟನ್’ ಆಯಿತು. 1757ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿ ಯುರೋಪಿಯನ್ನರ ಸಮುದ್ರ ವ್ಯಾಪಾರವನ್ನು ಈ ಒಂದೇ ಬಂದರಿಗೆ ಸೀಮಿತಗೊಳಿಸಿದ ಮೇಲೆ, ಬೇರೆ ಬಂದರುಗಳನ್ನೂ ತೆರೆದ 1842ರ ನಾನ್‌ಕಿಂಗ್ ಒಪ್ಪಂದದವರೆಗೆ, ಚಹಾ ಮತ್ತು ರೇಷ್ಮೆ ಕೊಳ್ಳಲು, ಭಾರತದ ಹತ್ತಿ ಮತ್ತು ಅಫೀಮು ಮಾರಲು ಬಂದ ವರ್ತಕರಿಗೆ ಚೀನಾ ಎಂದರೆ ಬಹುಮಟ್ಟಿಗೆ ಕ್ಯಾಂಟನ್ನೇ ಆಗಿತ್ತು. ಅವರ ಕಿವಿಗೆ ಬಿದ್ದ ಮಾತಿಗೆ ಬಂದರಿನ ಹೆಸರೇ ಅಂಟಿಕೊಂಡಿತು.

ಆದರೂ ಮೊದಲಿಗೆ ಬಳಕೆಯಲ್ಲಿದ್ದದ್ದು ‘ಕ್ಯಾಂಟನ್ ಡಯಲೆಕ್ಟ್’, ಅಂದರೆ ಕ್ಯಾಂಟನ್ನಿನ ಉಪಭಾಷೆ, ಎಂಬ ಪ್ರಯೋಗ. 1807ರಲ್ಲಿ ಕ್ಯಾಂಟನ್ನಿಗೆ ಬಂದ ಪ್ರಾಟೆಸ್ಟೆಂಟ್ ಮಿಷನರಿ ರಾಬರ್ಟ್ ಮಾರಿಸನ್ 1828ರಲ್ಲಿ ಪ್ರಕಟಿಸಿದ ಪದಕೋಶದ ಮುಖಪುಟದಲ್ಲಿರುವುದು ಅದೇ. ಆ ಪುಸ್ತಕಕ್ಕೆ ಚೀನೀ ಲಿಪಿಯಲ್ಲೂ ಒಂದು ಶೀರ್ಷಿಕೆಯಿದೆ: ಗ್ವಾಂಗ್‌ಡಾಂಗ್ ಪ್ರಾಂತ್ಯದ ‘ತುಹುವಾ’, ಅಂದರೆ ನಾಡಮಾತಿನ, ಪದಸಂಗ್ರಹ. ಇಂಗ್ಲಿಷ್ ಓದುಗರಿಗೆ ಕ್ಯಾಂಟನ್ ಎಂದು ಕಾಣಿಸಿದ್ದು ಚೀನೀ ಓದುಗರಿಗೆ ಒಂದು ಪ್ರಾಂತ್ಯವಾಗಿ ಕಾಣಿಸುತ್ತಿತ್ತು. ಸ್ಯಾಮುಯೆಲ್ ವೆಲ್ಸ್ ವಿಲಿಯಮ್ಸ್ 1856ರ ನಿಘಂಟಿನಲ್ಲಿಯೂ ‘ಕ್ಯಾಂಟನ್ ಡಯಲೆಕ್ಟ್’ ಎಂದೇ ಬರೆದರು. 1877ರಲ್ಲಿ ಅರ್ನ್‌ಸ್ಟ್ ಐಟೆಲ್ ತಮ್ಮ ನಿಘಂಟಿನಲ್ಲಿ ‘ಕ್ಯಾಂಟನೀಸ್ ಡಯಲೆಕ್ಟ್’ ಎಂದರೆ, 1883ರಲ್ಲಿ ಡೈಯರ್ ಬಾಲ್ ತಮ್ಮ ಪಠ್ಯಪುಸ್ತಕವನ್ನು ‘ಕ್ಯಾಂಟನೀಸ್ ಮೇಡ್ ಈಸಿ’ ಎಂದು ಕರೆದು, ಡಯಲೆಕ್ಟ್ ಎಂಬ ಊರುಗೋಲನ್ನೇ ಮುಖ್ಯ ಶೀರ್ಷಿಕೆಯಿಂದ ಬಿಟ್ಟರು.

ಉತ್ತರದ ಮಾತಿಗೆ ಇಂಗ್ಲಿಷಿನಲ್ಲಿ ಬಂದ ‘ಮ್ಯಾಂಡರಿನ್’ ಎಂಬ ಹೆಸರು ಬೇರೆ ಜಾಡಿನದು. ಸಂಸ್ಕೃತದ ‘ಮಂತ್ರಿ’ ಮಲಯ್ ಭಾಷೆಯಲ್ಲಿ ‘ಮೆಂತೆರಿ’ಯಾಗಿ, ಪೋರ್ಚುಗೀಸರ ನಾಲಿಗೆಯಲ್ಲಿ ‘ಮಂದರಿಂ’ ಆಗಿ ಇಂಗ್ಲಿಷಿಗೆ ಬಂತು. ಹೀಗೆ ಒಂದಕ್ಕೆ ಅಧಿಕಾರಿಗಳ ಹೆಸರು, ಇನ್ನೊಂದಕ್ಕೆ ಬಂದರಿನ ಹೆಸರು ದೊರೆತವು. ಎರಡೂ ಆ ಭಾಷಿಕರು ತಮ್ಮ ಮಾತಿಗೆ ತಾವೇ ಇಟ್ಟುಕೊಂಡವಲ್ಲ. ಅವರು ಬಳಸುವ ಹೆಸರುಗಳು ಬೇರೆ. ಹಾಂಗ್‌ಕಾಂಗಿನಲ್ಲಿ ‘ಗ್ವೊಂಗ್‌ದುಂಗ್ ವಾ’, ಅಂದರೆ ಗ್ವಾಂಗ್‌ಡಾಂಗ್ ಮಾತು, ಎನ್ನುವುದೇ ರೂಢಿ. ಗ್ವಾಂಗ್‌ಶಿಯ ಕಡೆ ‘ಬಾಕ್ ವಾ’, ಅಂದರೆ ಸರಳ ಮಾತು, ಎನ್ನುತ್ತಾರೆ.

ಪ್ರಾಂತ್ಯದ ಹೆಸರಿದ್ದರೂ ಪ್ರಾಂತ್ಯದ ಎಲ್ಲರ ಮಾತೂ ಇದಲ್ಲ. ಗ್ವಾಂಗ್‌ಡಾಂಗಿನಲ್ಲಿಯೇ ಹಕ್ಕಾ ಮತ್ತು ತಿಯೋಚ್ಯೂ ಜನರಿದ್ದಾರೆ. ಅವರ ಭಾಷೆಗಳು ಯುಯೆ ವರ್ಗಕ್ಕೆ ಸೇರಿದವಲ್ಲ, ಅವರನ್ನು ಕ್ಯಾಂಟನೀಸರು ಎಂದರೆ ತಪ್ಪಾಗುತ್ತದೆ. ನಮ್ಮ ಊರುಗಳ ಹೋಟೆಲುಗಳಲ್ಲಿ ಸಿಗುವ ಹಕ್ಕಾ ನೂಡಲ್ಸ್‌ಗೆ ಹೆಸರು ಕೊಟ್ಟದ್ದು ಕೋಲ್ಕತ್ತದಲ್ಲಿ ನೆಲೆಸಿದ ಆ ಹಕ್ಕಾ ಸಮುದಾಯವೇ. ಯುಯೆ ವರ್ಗದ ಒಳಗೂ ಅಂತರಗಳು ದೊಡ್ಡವು. 19ನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನವನ್ನು ಅರಸಿ, ಬಳಿಕ ರೈಲುದಾರಿ ಹಾಕುವ ಕೂಲಿಗೆಂದು ಹೋದ ಚೀನೀಯರಲ್ಲಿ ಬಹುಪಾಲು ಜನ ತೈಶಾನ್ ಮತ್ತು ಸುತ್ತಲಿನ ತಾಲ್ಲೂಕುಗಳವರು. ಅವರ ತೈಶಾನೀಸ್ ಮಾತು ಗ್ವಾಂಗ್‌ಝೌ ನಗರದವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಆದರೂ ಅಮೆರಿಕದಲ್ಲಿ ಹಲವು ತಲೆಮಾರುಗಳ ಕಾಲ ಅದೂ ಬರಿಯ ‘ಕ್ಯಾಂಟನೀಸ್’ ಆಗಿಯೇ ಉಳಿಯಿತು. ಆಸ್ಪತ್ರೆಯಲ್ಲೋ ನ್ಯಾಯಾಲಯದಲ್ಲೋ ದುಭಾಷಿಯನ್ನು ಗೊತ್ತುಮಾಡುವವರು ಪದದ ವಿಶಾಲ ಅರ್ಥವನ್ನು ಹಿಡಿದು ನಡೆದರೆ, ಹಳ್ಳಿಯಿಂದ ಬಂದ ಮುದುಕಿಗೆ ಎದುರಿಗಿರುವವರ ಮಾತು ತಿಳಿಯದೆ ಹೋಗಬಹುದು. ಆದ್ದರಿಂದ ಇದನ್ನು ಪಂಡಿತರ ಚರ್ಚೆಗೆ ಬಿಟ್ಟ ವಿಷಯವೆಂದು ನಾನು ತಿಳಿಯಲಾರೆ.

ಹಾಂಗ್‌ಕಾಂಗಿನಲ್ಲಿ ಮತ್ತೊಂದು ತೊಡಕಿದೆ. ಶಾಲೆಯ ಮಗು ‘ಅವನಲ್ಲ’ ಎಂದು ಬಾಯಲ್ಲಿ ಹೇಳುವಾಗ ‘ಕೊಯಿ ಮ್ ಹಾಯ್’ ಎನ್ನುತ್ತದೆ. ಅದನ್ನೇ ಪ್ರಬಂಧದಲ್ಲಿ ಬರೆಯುವಾಗ ಮ್ಯಾಂಡರಿನ್ ಆಧಾರದ ಪ್ರಮಾಣ ಬರವಣಿಗೆಯ ಬೇರೆಯೇ ಮೂರು ಅಕ್ಷರಗಳನ್ನು ಬಳಸಿ, ಓದುವಾಗ ಕ್ಯಾಂಟನೀಸ್ ಉಚ್ಚಾರಣೆಯಲ್ಲಿ ‘ತಾ ಬತ್ ಸಿ’ ಎಂದು ಓದುತ್ತದೆ. ಎರಡರ ಧ್ವನಿಯೂ ಕ್ಯಾಂಟನೀಸ್. ಪದಗಳು ಮಾತ್ರ ಬೇರೆ. ಕಾನೂನು ಈ ಅಂತರದ ಗೋಜಿಗೇ ಹೋಗಿಲ್ಲ. 1974ರ ಅಧಿಕೃತ ಭಾಷಾ ಶಾಸನವಾಗಲಿ, 1997ರಲ್ಲಿ ಜಾರಿಗೆ ಬಂದ, ಹಾಂಗ್‌ಕಾಂಗಿಗೆ ಸಂವಿಧಾನದಂತಿರುವ ಮೂಲ ಕಾನೂನಾಗಲಿ ‘ಚೀನೀ ಭಾಷೆ’ ಎಂದಷ್ಟೇ ಹೇಳುತ್ತವೆ, ಆಡುವ ಚೀನೀ ಯಾವುದೆಂದು ಹೇಳುವುದಿಲ್ಲ. ಆಡಳಿತದಲ್ಲಿಯೂ ವಿಧಾನಸಭೆಯಲ್ಲಿಯೂ ಕ್ಯಾಂಟನೀಸ್ ನಡೆದುಬಂದಿರುವುದು ರೂಢಿಯ ಬಲದಿಂದ. 2014ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ತನ್ನ ಜಾಲತಾಣದಲ್ಲಿ ಕ್ಯಾಂಟನೀಸನ್ನು ಅಧಿಕೃತ ಭಾಷೆಯಲ್ಲದ ಒಂದು ಚೀನೀ ಉಪಭಾಷೆ ಎಂದು ಬರೆದಾಗ ಜನ ಸಿಟ್ಟಿಗೆದ್ದರು. ಇಲಾಖೆ ಕ್ಷಮೆ ಕೇಳಿ ಬರಹವನ್ನು ತೆಗೆದುಹಾಕಿತು.

ಉಪಭಾಷೆ ಎಂಬ ಈ ಹಣೆಪಟ್ಟಿಯ ಹಿಂದೆ ಚೀನೀಯರ ‘ಫಾಂಗ್‌ಯಾನ್’ ಎಂಬ ಪದವಿದೆ. ಅದಕ್ಕೆ ಒಂದು ಸೀಮೆಯ ಮಾತು ಎಂದಷ್ಟೇ ಅರ್ಥ. ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿಲ್ಲ. ಅದನ್ನು ‘ಡಯಲೆಕ್ಟ್’ ಎಂದು ಅನುವಾದಿಸಿದಾಗ, ಸುಮಾರು ಎಂಟು ಕೋಟಿ ಜನರ ಯುಯೆ ಮಾತುಗಳು ಇಂಗ್ಲಿಷ್ ಓದುಗರ ಕಣ್ಣಿಗೆ ಯಾವುದೋ ಭಾಷೆಯ ಸಣ್ಣ ಕವಲಿನಂತೆ ಕಾಣತೊಡಗಿದವು. ವಿಕ್ಟರ್ ಮೇರ್ ಎಂಬ, ಚೀನೀ ಭಾಷೆಯನ್ನು ಅಭ್ಯಸಿಸಿದ ಅಮೆರಿಕನ್ ವಿದ್ವಾಂಸರು ಈ ಅನುವಾದವನ್ನು ಒಪ್ಪದೆ, 1991ರಲ್ಲಿ ‘ಟೋಪೊಲೆಕ್ಟ್’, ಅಂದರೆ ಒಂದು ಸ್ಥಳದ ಮಾತು, ಎಂಬ ಪದವನ್ನು ಸೂಚಿಸಿದರು. ಮಾತನಾಡುವವರಿಗೆ ಪರಸ್ಪರ ತಿಳಿಯದಿದ್ದರೆ ಅವು ಬೇರೆ ಭಾಷೆಗಳೆಂದು ಕರೆಯುವುದೇ ನ್ಯಾಯವೆಂದು ನನಗೆ ತೋರುತ್ತದೆ.

ಹೆಸರು ಕೊಟ್ಟ ನಗರವನ್ನು ಇಂಗ್ಲಿಷ್ ಪತ್ರಿಕೆಗಳು ಈಗ ಗ್ವಾಂಗ್‌ಝೌ ಎಂದೇ ಬರೆಯುತ್ತವೆ. 1957ರಲ್ಲಿ ಆರಂಭವಾದ ಕ್ಯಾಂಟನ್ ವ್ಯಾಪಾರ ಮೇಳದಂಥ ಕೆಲವೆಡೆ ಮಾತ್ರ ಹಳೆಯ ಹೆಸರು ನಿಂತಿದೆ. ಅದೇ ನಗರದಲ್ಲಿ 2010ರ ಜುಲೈನಲ್ಲಿ, ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಸ್ಥಳೀಯ ದೂರದರ್ಶನದ ಮುಖ್ಯ ಕಾರ್ಯಕ್ರಮಗಳನ್ನು ಮ್ಯಾಂಡರಿನ್‌ಗೆ ಬದಲಿಸುವ ಸಲಹೆ ಬಂದಾಗ, ಜನ ಬೀದಿಗಿಳಿದು ಪ್ರತಿಭಟಿಸಿದರು. ಇತ್ತ ಗಣಕಲೋಕ ಮಾತ್ರ ಪದಕ್ಕೆ ಸ್ವತಂತ್ರ ಜಾಗ ಕೊಡುತ್ತಿದೆ: 2006ರಿಂದ ವಿಕಿಪೀಡಿಯಕ್ಕೆ ಕ್ಯಾಂಟನೀಸ್ ಆವೃತ್ತಿಯಿದೆ, 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಕ್ಯಾಂಟನೀಸನ್ನು ಚೀನೀಯಿಂದ ಬೇರೆಯಾಗಿ ತನ್ನ ಭಾಷೆಗಳ ಪಟ್ಟಿಗೆ ಸೇರಿಸಿಕೊಂಡಿತು.