ಮುಳ್ಳಯ್ಯನಗಿರಿ ಏರಿಗೆ ಎಷ್ಟು ಬೆಲ್ಲ ಬೇಕು?

ಸೈಕಲ್ಲಿನಲ್ಲಿ ಬೇಲೂರಿಗೆ ಹೋಗಿ ಬರುವುದು, ಅದೇ ಬಿಸಿಯಲ್ಲಿ ಮುಳ್ಳಯ್ಯನಗಿರಿ ಹತ್ತುವುದು. ಅವತ್ತು ನಾವು ಹಾಕಿಕೊಂಡ ಲೆಕ್ಕ ಅದು. ನಸುಕಿನಲ್ಲೇ ನಾನು, ನನ್ನ ಗೆಳೆಯ ಚಿಕ್ಕಮಗಳೂರು ಬಿಟ್ಟೆವು. ಹೊಟ್ಟೆಯಲ್ಲಿದ್ದದ್ದು ಒಂದು ಲೋಟ ಕಾಫಿ ಮಾತ್ರ. ಬೇಲೂರಿನ ಐವತ್ತು ಕಿಲೋಮೀಟರನ್ನು ಇಬ್ಬರೂ ಪೈಪೋಟಿಗೆ ಬಿದ್ದು ತುಳಿದೆವು. ಕೈಮರದ ಚೆಕ್‌ಪೋಸ್ಟ್ ದಾಟಿ ಏರು ಶುರುವಾದಾಗಲೂ ಕಾಲು ಹಗುರವಾಗಿಯೇ ಇತ್ತು. ಇನ್ನು ಕೆಲವು ತಿರುವು ಕಳೆಯುವಷ್ಟರಲ್ಲಿ ಕೈ ನಡುಗತೊಡಗಿತು. ತಣ್ಣನೆಯ ಬೆವರು. ಗೇರ್ ಇಳಿಸಬೇಕು ಅನ್ನುವುದೂ ತೋಚಲಿಲ್ಲ. ಇಳಿದು ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ತೋಟದ ಕೆಲಸಕ್ಕೆ ಹೊರಟಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ ನಿಂತರು.

“ಬೆಳಗ್ಗೆ ಏನಾದ್ರೂ ತಿಂದಿದ್ಯೇನಪ್ಪಾ?”

“ಇಲ್ಲ ಅಜ್ಜ, ಕಾಫಿ ಕುಡಿದಿದ್ದೆ ಅಷ್ಟೆ.”

ಬುತ್ತಿ ಚೀಲದಿಂದ ಒಂದು ಉಂಡೆ ಬೆಲ್ಲ ತೆಗೆದು ಅಂಗೈಗೆ ಹಾಕಿದರು. “ಇದನ್ನ ತಿಂದು ನೀರು ಕುಡಿ. ಆಮೇಲೆ ಎದ್ದೇಳುವಂತೆ.” ಕಾಲು ಗಂಟೆಯೊಳಗೆ ನಡುಕ ನಿಂತಿತು. ಅವತ್ತು ಬೆಟ್ಟ ಹತ್ತಲಿಲ್ಲ. ಆದರೆ ಆ ಬೆಲ್ಲ ನನ್ನ ದೇಹದಲ್ಲಿ ಏನು ಮಾಡಿತು ಅನ್ನುವುದನ್ನು ತಿಳಿಯಬೇಕು ಅಂತ ಅವತ್ತೇ ಅನಿಸಿತು.

ಹೀಗೆ ದಾರಿಯಲ್ಲೇ ಶಕ್ತಿ ಬರಿದಾಗುವುದಕ್ಕೆ ಸೈಕಲ್ ಸವಾರರು ‘ಬಾಂಕ್ ಆಯ್ತು’ ಅನ್ನುತ್ತಾರೆ. ನಾವು ತಿಂದ ಅನ್ನ, ರೊಟ್ಟಿಯ ಪಿಷ್ಟ ಗ್ಲೂಕೋಸ್ ಆಗುತ್ತದೆ. ಅದರಲ್ಲಿ ಒಂದಷ್ಟು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ಎಲ್ಲ ಸೇರಿದರೂ ಸುಮಾರು 400-500 ಗ್ರಾಂ. ಜೋರಾಗಿ ತುಳಿದರೆ ಇದರಲ್ಲಿ ನಿಮಿಷಕ್ಕೆ ಎರಡು ಮೂರು ಗ್ರಾಂ ಖರ್ಚಾಗುತ್ತದೆ. ಯಕೃತ್ತಿನ ಪಾಲು ರಾತ್ರಿ ನಿದ್ದೆಯಲ್ಲೇ ಬಹಳಷ್ಟು ಕರಗಿರುತ್ತದೆ. ರಕ್ತದ ಸಕ್ಕರೆಯನ್ನು ಹದದಲ್ಲಿ ಇಡುವುದು ಈ ಯಕೃತ್ತಿನ ದಾಸ್ತಾನು. ಅದು ಬರಿದಾದರೆ ಮಿದುಳಿಗೆ ಸಾಕಷ್ಟು ಸಕ್ಕರೆ ಸಿಗುವುದಿಲ್ಲ. ಗೇರ್ ಇಳಿಸುವುದು ಅವತ್ತು ನನಗೆ ತೋಚದೆ ಹೋದದ್ದು ಅದಕ್ಕೇ.

ಹಾಗಾದರೆ ಈ ಬೆಟ್ಟ ಎಷ್ಟು ಕೇಳುತ್ತದೆ? ಇದನ್ನು ಒಂದು ಹಾಳೆಯ ಮೇಲೆ ಲೆಕ್ಕ ಹಾಕಬಹುದು. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕರ್ನಾಟಕದಲ್ಲೇ ಎತ್ತರದ ಜಾಗ. ತುದಿಯ ಗುಡಿಗೆ ಮೆಟ್ಟಿಲು ಹತ್ತಬೇಕು, ಅದನ್ನು ಬಿಟ್ಟರೆ ಸೈಕಲ್ ಏರುವ ಎತ್ತರ 750 ಮೀಟರ್ ಅಂತ ಇಟ್ಟುಕೊಳ್ಳೋಣ. ಸವಾರ 70 ಕೆಜಿ, ಸೈಕಲ್ಲು ನೀರು ಸೇರಿ 10 ಕೆಜಿ. 80 ಕೆಜಿಯನ್ನು 750 ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ 588 ಕಿಲೋಜೂಲ್. ಅಂದರೆ 140 ಕಿಲೋ ಕ್ಯಾಲೊರಿ. ಇಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ನಮ್ಮ ಸ್ನಾಯು ಸುಟ್ಟ ಆಹಾರದಲ್ಲಿ ಕಾಲು ಭಾಗಕ್ಕಿಂತಲೂ ತುಸು ಕಡಿಮೆಯಷ್ಟೇ ಪೆಡಲ್ಲಿಗೆ ತಲುಪುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ದೇಹದ ಖರ್ಚು 600 ಕಿಲೋ ಕ್ಯಾಲೊರಿ. ಬೆಲ್ಲದಲ್ಲಿ ಹೇಳುವುದಾದರೆ 150 ಗ್ರಾಂ ಚಿಲ್ಲರೆ. ಗಾಳಿಯ ತಡೆ, ಟೈರಿನ ತಿಕ್ಕಾಟದ ಲೆಕ್ಕ ಇದರಲ್ಲಿ ಸೇರಿಲ್ಲ.

ಇದೇ ಎತ್ತರವನ್ನು ಒಂದು ಗಂಟೆಯಲ್ಲಿ ಹತ್ತಿದರೆ ಗುರುತ್ವಕ್ಕೆ ಮಾತ್ರ 163 ವ್ಯಾಟ್ ಬೇಕು. ನಿಮಿಷಕ್ಕೆ ಹನ್ನೆರಡೂವರೆ ಮೀಟರ್ ಏರಿದ ಹಾಗೆ. ಇದನ್ನು ಮಾಡುವ ಹವ್ಯಾಸಿ ಸವಾರ ನಿಜಕ್ಕೂ ಗಟ್ಟಿಗ. ಈಗ 2024ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡಿ. ಜುಲೈ 14ರಂದು ಸ್ಲೊವೇನಿಯಾದ ತಾದೆಯ್ ಪೊಗಾಚರ್ ಪಿರನೀಸ್ ಬೆಟ್ಟಗಳ ಪ್ಲಾತೊ ದ ಬೇಯ್ ಏರನ್ನು 40 ನಿಮಿಷದೊಳಗೆ ಮುಗಿಸಿದರು. ಸುಮಾರು 16 ಕಿಲೋಮೀಟರ್ ದಾರಿ, 1,250 ಮೀಟರ್ ಎತ್ತರ. ಅಂದರೆ ನಿಮಿಷಕ್ಕೆ 31 ಮೀಟರ್, ಹತ್ತು ಮಹಡಿಯಷ್ಟು. 1998ರಲ್ಲಿ ಇಟಲಿಯ ಮಾರ್ಕೊ ಪಂತಾನಿಗೆ ಅಲ್ಲಿ 43 ನಿಮಿಷಕ್ಕೂ ಜಾಸ್ತಿ ಹಿಡಿದಿತ್ತು.

2025ರ ಸೆಪ್ಟೆಂಬರ್‌ನಲ್ಲಿ ರಸ್ತೆ ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಮೊದಲ ಬಾರಿಗೆ ಆಫ್ರಿಕಾಕ್ಕೆ ಬಂತು. ರುವಾಂಡಾದ ಕಿಗಾಲಿ ಪೇಟೆ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಗಂಡಸರ ರೇಸ್ 267.5 ಕಿಲೋಮೀಟರ್, ಒಟ್ಟು ಏರು 5,475 ಮೀಟರ್. ನಮ್ಮ ಪೇಟೆಯಿಂದ ಮುಳ್ಳಯ್ಯನಗಿರಿಗೆ ಒಂದೇ ದಿನ ಏಳು ಸಲಕ್ಕಿಂತ ಹೆಚ್ಚು ಹತ್ತಿದ ಹಾಗಾಯಿತು. ಪೊಗಾಚರ್ ಗೆದ್ದರು. ಕೊನೆ ಮುಟ್ಟಿದವರು ಬರೀ 30 ಮಂದಿ.

ಇಂಥ ಸುದ್ದಿ ಓದಿದವರ ಕಣ್ಣು ಮೊದಲು ಹೋಗುವುದು ಅವರ ಸೈಕಲ್ಲಿನ ಮೇಲೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರೇಸ್ ಸೈಕಲ್ಲು 6.8 ಕೆಜಿಗಿಂತ ಕಡಿಮೆ ತೂಗುವಂತಿಲ್ಲ. ನಮ್ಮ ಒಂದು ಗಂಟೆಯ ಏರಿನಲ್ಲಿ ಒಂದು ಕೆಜಿ ಇಳಿಸಿದರೆ ಸಿಗುವುದು ಹೆಚ್ಚೆಂದರೆ 45 ಸೆಕೆಂಡ್. ಲಕ್ಷಗಟ್ಟಲೆ ಸುರಿದು ಮೂರು ಕೆಜಿ ಇಳಿಸಿದರೂ ಎರಡು ನಿಮಿಷದ ಆಸುಪಾಸು. ಸರಿಯಾಗಿ ತಿನ್ನದೆ ಮೋರಿ ಕಟ್ಟೆಯ ಮೇಲೆ ಕೂತವನಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಹೋಗಿರುತ್ತದೆ. ದುಡ್ಡು ಹಾಕಲೇಬೇಕು ಅಂದರೆ ಹಿಂದಿನ ಗೇರಿಗೆ ಹಾಕಿ. ಮುಂದೆ 34 ಹಲ್ಲು, ಹಿಂದೆ 25 ಹಲ್ಲು ಇದ್ದರೆ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಪೆಡಲ್ ನಿಮಿಷಕ್ಕೆ 47 ಸುತ್ತು ಮಾತ್ರ ತಿರುಗುತ್ತದೆ. ಮಂಡಿಯ ಮೇಲೆ ವಿಪರೀತ ಭಾರ. ಹಿಂದೆಯೂ 34 ಹಲ್ಲು ಹಾಕಿಸಿದರೆ ಅದೇ ವೇಗಕ್ಕೆ 63 ಸುತ್ತು.

ಈಗ ಮತ್ತೆ ಬೆಲ್ಲಕ್ಕೆ ಬರೋಣ. ವೃತ್ತಿಪರರ ಲೋಕದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆಗಳಲ್ಲಿ ಊಟವೂ ಒಂದು ಅಂತ ನನ್ನ ನಂಬಿಕೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನು ಒಳಗೆ ಬಿಡುವ ಬಾಗಿಲುಗಳಿವೆ. ಗಂಟೆಗೆ ಸುಮಾರು 60 ಗ್ರಾಂ ಆಗುವಷ್ಟರಲ್ಲಿ ಅವು ಭರ್ತಿ. ಇನ್ನೂ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಶಕ್ತಿ ಬರುವುದಿಲ್ಲ. ಆದರೆ ಫ್ರಕ್ಟೋಸ್‌ಗೆ ಬೇರೆಯದೇ ಬಾಗಿಲು. ಎರಡನ್ನೂ ಬೆರೆಸಿ ಕೊಟ್ಟರೆ ಗಂಟೆಗೆ 90 ಗ್ರಾಂವರೆಗೂ ದೇಹ ಬಳಸಿಕೊಳ್ಳುತ್ತದೆ ಅಂತ ಕ್ರೀಡಾಪಟುಗಳ ಆಹಾರದ ಸಂಶೋಧಕ ಆಸ್ಕರ್ ಯೂಕೆಂಡ್ರುಪ್ ಮತ್ತು ಜೊತೆಗಾರರು 2000ದ ದಶಕದಲ್ಲಿ ತೋರಿಸಿದರು. ಈಗಿನ ವೃತ್ತಿಪರರು ಕರುಳನ್ನೇ ತಿಂಗಳುಗಟ್ಟಲೆ ಪಳಗಿಸಿ 120 ಗ್ರಾಂವರೆಗೆ ಹೋಗಿದ್ದಾರೆ.

ಬೆಲ್ಲದ ಬಹುಪಾಲು ಸುಕ್ರೋಸ್. ಕರುಳಿನಲ್ಲಿ ಅದು ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡೂ ಬಾಗಿಲು ಒಟ್ಟಿಗೇ ತೆರೆಯುತ್ತವೆ. ಇನ್ನೂ ಒಂದು ಸೊಗಸಾದ ಸಂಗತಿ ಇದೆ. ಗ್ಲೂಕೋಸಿನ ಬಾಗಿಲು ಸೋಡಿಯಂ ಜೊತೆಗಿದ್ದರೆ ಮಾತ್ರ ತೆರೆಯುತ್ತದೆ. ಭೇದಿಯಾದ ಮಕ್ಕಳಿಗೆ ಉಪ್ಪು-ಸಕ್ಕರೆ ನೀರು ಕೊಡುವುದರ ಹಿಂದೆಯೂ ಇದೇ ಗುಟ್ಟು. ಈಗ ರಾಮನವಮಿಯ ಪಾನಕ ನೆನಪಿಸಿಕೊಳ್ಳಿ. ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ ಕರಗಿಸಿ ಸೋಸಿ. ನಿಂಬೆಹಣ್ಣು ಹಿಂಡಿ, ಚೂರು ಶುಂಠಿ ಜಜ್ಜಿ ಹಾಕಿ. ಒಂದೆರಡು ಚಿಟಿಕೆ ಉಪ್ಪು ಸೇರಿಸಿ. ನೂರಕ್ಕೆ ಆರರಷ್ಟು ಸಕ್ಕರೆ ಇರುವ ಈ ಹದ, ಅಂಗಡಿಯಲ್ಲಿ ಸಿಗುವ ಕ್ರೀಡಾ ಪಾನೀಯದ್ದೇ ಹದ. ನಾನು ಈಗ ಎರಡು ಬಾಟಲಿಯಲ್ಲೂ ಇದನ್ನೇ ಒಯ್ಯುತ್ತೇನೆ. ಜೇಬಿನಲ್ಲಿ ನಾಲ್ಕು ಏಲಕ್ಕಿ ಬಾಳೆ. ಹಸಿವಾಗುವ ಮೊದಲೇ, ಇಪ್ಪತ್ತು ನಿಮಿಷಕ್ಕೊಮ್ಮೆ ಗುಟುಕರಿಸಬೇಕು. ಇದು ಸೈಕಲ್ ಮೇಲಿರುವ ಹೊತ್ತಿಗೆ ಮಾತ್ರ. ಸುಮ್ನೆ ಕೂತಾಗ ಕುಡಿಯುವುದಲ್ಲ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಊಟ ಸರಿಯಾದ ಮೇಲೆ ಉಳಿಯುವುದು ತಾಲೀಮು. ಇಲ್ಲಿ ನಮ್ಮಂಥ ಹವ್ಯಾಸಿಗಳು ಮಾಡುವ ತಪ್ಪು ಒಂದೇ. ದಿನಾ ಜೋರಾಗಿ ತುಳಿಯುತ್ತೇವೆ. ನಾರ್ವೆಯಲ್ಲಿ ಕೆಲಸ ಮಾಡುವ ಸಂಶೋಧಕ ಸ್ಟೀಫನ್ ಸೈಲರ್ ದೊಡ್ಡ ದೊಡ್ಡ ಕ್ರೀಡಾಪಟುಗಳ ತಾಲೀಮಿನ ದಾಖಲೆ ನೋಡಿದಾಗ ಕಂಡದ್ದು ಬೇರೆ. ಅವರ ಹತ್ತು ತಾಲೀಮಿನಲ್ಲಿ ಸುಮಾರು ಎಂಟು ಆರಾಮದವು. ಎರಡು ಮಾತ್ರ ನಿಜವಾಗಿ ಕಠಿಣ. ಪೊಗಾಚರ್‌ಗೆ ಕೆಲವು ವರ್ಷ ತರಬೇತಿ ಕೊಟ್ಟ ಇನ್ಯಿಗೊ ಸಾನ್ ಮಿಯಾನ್ ಕೂಡ ಹಗುರ ಸವಾರಿಗೇ ದೊಡ್ಡ ಜಾಗ ಕೊಟ್ಟವರು.

ಆರಾಮವಾಗಿ ತುಳಿದರೆ ಏನಾಗುತ್ತದೆ? ಸ್ನಾಯುವಿನ ಜೀವಕೋಶಗಳಲ್ಲಿ ಇಂಧನ ಸುಟ್ಟು ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ದೇಹ ಕೊಬ್ಬನ್ನು ಸುಡುವುದು ಕಲಿಯುತ್ತದೆ. ಕೊಬ್ಬು ಎಷ್ಟು ತೆಳ್ಳಗಿನವರಲ್ಲೂ ದಿನಗಟ್ಟಲೆ ಸಾಕಾಗುವಷ್ಟು ಇರುತ್ತದೆ. ಅದು ಉರಿದಷ್ಟೂ ಗ್ಲೈಕೋಜನ್ ಉಳಿಯುತ್ತದೆ. ಜೋರಾಗಿ ತುಳಿಯುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟೇಟ್ ಬಗ್ಗೆಯೂ ಒಂದು ಮಾತು. ಮಾರನೇ ದಿನ ಕಾಲು ನೋಯುವುದಕ್ಕೆ ಅದೇ ಕಾರಣ ಅಂತ ಇವತ್ತಿಗೂ ಬಹಳ ಜನ ಹೇಳುತ್ತಾರೆ. ಅದು ನಿಜವಲ್ಲ. ಒಂದು ಸ್ನಾಯು ಹೊರಹಾಕಿದ ಲ್ಯಾಕ್ಟೇಟನ್ನು ಇನ್ನೊಂದು ಸ್ನಾಯು, ಹೃದಯ ಕೂಡ, ಇಂಧನವಾಗಿ ಸುಡುತ್ತವೆ. ಮೈಟೋಕಾಂಡ್ರಿಯಾ ಜಾಸ್ತಿಯಾದಷ್ಟೂ ಈ ಕೆಲಸ ಚೆನ್ನಾಗಿ ಆಗುತ್ತದೆ.

ಆರಾಮ ಅಂದರೆ ಎಷ್ಟು ಅಂತ ತಿಳಿಯಲು ಮೀಟರ್ ಬೇಕಿಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ನಾವು ಈಗ ಹಳೇಬೀಡಿನ ಕಡೆ ಮೂರು ಗಂಟೆ ಹೀಗೆ ಹರಟುತ್ತಾ ಹೋಗಿ ಬರುತ್ತೇವೆ. ಆ ರಸ್ತೆಯಲ್ಲಿ ಸಣ್ಣ ದಿಬ್ಬ ಬಂದಾಗಲೂ ವೇಗ ಇಳಿಸಿ ಮಾತು ಉಳಿಸಿಕೊಳ್ಳುವುದು ಮೊದಮೊದಲು ತುಂಬಾ ಕಷ್ಟವಾಯಿತು. ವಾರದಲ್ಲಿ ಒಂದೆರಡು ದಿನ ಮಾತ್ರ ಕೈಮರದ ಏರಿನಲ್ಲಿ ಎಂಟೆಂಟು ನಿಮಿಷದ ನಾಲ್ಕು ಸುತ್ತು, ಮಾತೇ ಹೊರಡದಷ್ಟು ಜೋರಾಗಿ. ನಡುವೆ ಒಂದೆರಡು ನಿಮಿಷ ಬಿಡುವು. ಮೂರು ತಿಂಗಳಲ್ಲಿ ಬೆಟ್ಟ ಬೇರೆಯೇ ಕಾಣಿಸಿತು.

ಕಾಫಿ ಕುಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಚಂದ್ರದ್ರೋಣದ ತಪ್ಪಲಲ್ಲಿ ಕೂತು ಹಾಗೆ ಹೇಳಲಾಗದು. ಕೆಫೀನ್ ಸುಸ್ತಿನ ಸುದ್ದಿ ಒಯ್ಯುವ ಅಡಿನೋಸಿನ್‌ಗೆ ಮಿದುಳಿನಲ್ಲಿ ಜಾಗ ಸಿಗದಂತೆ ತಡೆಯುತ್ತದೆ. ದೇಹತೂಕದ ಕೆಜಿಗೆ 3 ಮಿಲಿಗ್ರಾಂ ಇದ್ದರೂ ದೂರದ ಸವಾರಿಗೆ ನೆರವಾಗುತ್ತದೆ. 2004ರಲ್ಲಿ ಅದನ್ನು ಕ್ರೀಡಾಪಟುಗಳಿಗೆ ನಿಷೇಧಿಸಿದ ವಸ್ತುಗಳ ಪಟ್ಟಿಯಿಂದಲೂ ತೆಗೆದರು. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಒಂದಿಷ್ಟೂ ಇಲ್ಲ. ಆದರೆ ಸಕ್ಕರೆ ಹಾಕದ ಕಾಫಿ ಇಂಧನವಲ್ಲ. ಅವತ್ತು ನನ್ನ ಸುಸ್ತನ್ನು ಅದು ಮುಚ್ಚಿಟ್ಟಿತು ಅಷ್ಟೆ.

ಮೇಲೆ ಹತ್ತಿದ 588 ಕಿಲೋಜೂಲ್ ಎಲ್ಲಿಗೂ ಹೋಗಿರುವುದಿಲ್ಲ. ಇಳಿಯುವಾಗ ಅದನ್ನು ಪೂರ್ತಿ ವಾಪಸ್ ಕೊಡಬೇಕು. ಒಂದಷ್ಟನ್ನು ಗಾಳಿ ತೆಗೆದುಕೊಳ್ಳುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಒಟ್ಟು ಶಕ್ತಿ ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಸುವಷ್ಟಿದೆ. ಕಿರಿದಾದ ರಸ್ತೆ, ಎದುರಿಗೆ ಜೀಪು, ತಿರುವಿನಲ್ಲಿ ಮಂಜು. ಹೆದರಿ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ರಿಮ್ಮು ಆರಲು ಹೊತ್ತೇ ಸಿಗುವುದಿಲ್ಲ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ, ವೇಗ ಇಳಿದ ಕೂಡಲೇ ಬಿಡಿ. ಮಳೆ ಬಿದ್ದಿದ್ದರೆ ಇನ್ನೂ ಮುಂಚೆ ಹಿಡಿಯಿರಿ, ಒದ್ದೆ ರಿಮ್ಮು ಒಂದೆರಡು ಸುತ್ತು ಒರೆಸಿಕೊಂಡ ಮೇಲಷ್ಟೇ ಕಚ್ಚುತ್ತದೆ. ಅರ್ಧ ದಾರಿಯಲ್ಲಿ, ರಸ್ತೆ ಅಗಲವಾಗಿರುವ ಕಡೆ ಪಕ್ಕಕ್ಕೆ ನಿಲ್ಲಿ. ರಿಮ್ಮಿನ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಲೆಯಿಂದ ಈಗಷ್ಟೇ ಇಳಿಸಿದ ರೊಟ್ಟಿ ಹಂಚಿನ ಹತ್ತಿರ ಕೈ ಹಿಡಿದ ಹಾಗೆ ಬಿಸಿ ತಾಕುತ್ತದೆ. ಅದು ಆರುವವರೆಗೆ ಉಳಿದ ಪಾನಕ ಕುಡಿಯುತ್ತಾ ನಿಂತಿರಿ.